ಕಸ ಸುಡುವ ಹೊಗೆ: ಪುತ್ತೂರು, ಸುಳ್ಯ, ಕಡಬದಲ್ಲಿ ನಿಯಂತ್ರಣ ಹೇಗೆ?

ಪುತ್ತೂರು, ಸುಳ್ಯ ಹಾಗೂ ಕಡಬ ತಾಲೂಕುಗಳ ಬಹುತೇಕ ತೋಟದ ಮನೆಗಳಲ್ಲಿ ದಿನದ ಮೊದಲ ಬೆಂಕಿ ಹೊತ್ತಿಕೊಳ್ಳುವುದು ಬಚ್ಚಲಿನ ಹಂಡೆಯ ಬುಡದಲ್ಲಿ. ಅಡಕೆ ಸೋಗೆ, ತೆಂಗಿನ ಮಡಲು, ಕೊತ್ತಳಿಗೆ, ಗೆರಟೆ ಹೀಗೆ ತೋಟದ ಉಳಿಕೆಗಳೇ ಇಲ್ಲಿನ ಸೌದೆ. ಎರಡು ತಲೆಮಾರಿನ ಹಿಂದೆ ಆ ಒಲೆಗೆ ಬೀಳುತ್ತಿದ್ದ ಮನೆಯ ಕಸವೆಂದರೆ ಒಣ ಎಲೆ, ಹಳೆಯ ಕಾಗದ, ಹರಿದ ಹತ್ತಿ ಬಟ್ಟೆ. ಇಂದು ಅದೇ ಒಲೆಗೆ ಹಾಲಿನ ತೊಟ್ಟೆ, ಬಿಸ್ಕತ್ತಿನ ಹೊದಿಕೆ, ಶಾಂಪೂ ಸ್ಯಾಶೆ, ಮುರಿದ ಪ್ಲಾಸ್ಟಿಕ್ ಬುಟ್ಟಿ, ಸವೆದ ಚಪ್ಪಲಿ ಎಲ್ಲವೂ ಬೀಳುತ್ತಿವೆ. ನೀರು ಬಿಸಿಯಾಗುತ್ತದೆ, ಕಸವೂ ಕಣ್ಮರೆಯಾಗುತ್ತದೆ. ಒಲೆಯ ಬೂದಿ ಎಂದಿನಂತೆ ತೆಂಗಿನ ಬುಡಕ್ಕೆ, ಹುಳ ಬಾರದಿರಲೆಂದು ಬಸಳೆ ಚಪ್ಪರಕ್ಕೆ, ಬದನೆ ಗಿಡಕ್ಕೆ ಹೋಗುತ್ತದೆ.

ತ್ಯಾಜ್ಯ ದಹನದಿಂದ ಉಂಟಾಗುವ ವಾಯುಮಾಲಿನ್ಯದ ಚರ್ಚೆ ಸಾಮಾನ್ಯವಾಗಿ ಪೇಟೆಯ ಕಸದ ಘಟಕದ ಗೇಟಿನಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ವಾಸ್ತವದಲ್ಲಿ ಈ ಭಾಗದಲ್ಲಿ ಕಸಕ್ಕೆ ಬೆಂಕಿ ಬೀಳುವ ಸ್ಥಳಗಳು ಹಲವು: ಮನೆಯ ಬಚ್ಚಲು, ಅಂಗಡಿ ಸಾಲಿನ ಹಿಂಭಾಗ, ರಸ್ತೆ ಬದಿಯ ಚರಂಡಿ, ಸ್ಥಳೀಯಾಡಳಿತದ ತ್ಯಾಜ್ಯ ಸಂಗ್ರಹದ ಜಾಗ, ಕೊನೆಗೆ ಯಂತ್ರದ ಮೂಲಕ ಸುಡುವ ಘಟಕ. ಪ್ರತಿಯೊಂದರ ಹೊಗೆಯ ಗುಣ ಬೇರೆ, ನಿಯಂತ್ರಣದ ಮಾರ್ಗವೂ ಬೇರೆ.

ಕಲ್ಚೆರ್ಪೆಯ ಪ್ರಶ್ನೆ

ಸುಳ್ಯ ಪಟ್ಟಣಕ್ಕೆ ಕಸದ ಸಮಸ್ಯೆ ಹೊಸತಲ್ಲ. ಪಯಸ್ವಿನಿ ನದಿಯ ಕಣಿವೆಯಲ್ಲಿ, ಗುಡ್ಡಗಳ ನಡುವೆ ಇಕ್ಕಟ್ಟಾಗಿ ಬೆಳೆದ ಈ ಪೇಟೆಗೆ ಕಸ ಹಾಕಲು ವಿಶಾಲವಾದ ಸಮತಟ್ಟು ಜಾಗವೇ ಇಲ್ಲ. ಪಟ್ಟಣ ಪಂಚಾಯತ್ ಕಚೇರಿಯ ಪಕ್ಕದಲ್ಲಿಯೇ ಕಸ ರಾಶಿ ಬಿದ್ದು ನಾಗರಿಕರ ಆಕ್ರೋಶಕ್ಕೆ ಕಾರಣವಾಗಿದ್ದ ದಿನಗಳನ್ನು ಊರಿನವರು ಮರೆತಿಲ್ಲ. ಪೇಟೆಯ ಹೊರವಲಯದ ಕಲ್ಚೆರ್ಪೆಯ ತ್ಯಾಜ್ಯ ಘಟಕಕ್ಕೆ ಸುಡುವ ಯಂತ್ರ ಬಂದಾಗ, ರಾಶಿ ಕರಗುವುದೆಂಬ ನಿರೀಕ್ಷೆ ಪೇಟೆಯಲ್ಲಿ ಮೂಡಿದ್ದು ಸಹಜ. ಹೊಗೆಯ ದೂರು ಬಂದದ್ದು ಘಟಕದ ಸುತ್ತಲಿನ ಮನೆಗಳಿಂದ. ಒಂದು ಊರಿನ ಕಸ ಇನ್ನೊಂದು ಊರಿನ ಉಸಿರಾಗಬೇಕೆ ಎಂಬುದು ಅಲ್ಲಿನ ನಿವಾಸಿಗಳ ಪ್ರಶ್ನೆಯ ತಿರುಳು.

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಯಂತ್ರದ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಅರಿಯಬೇಕು.

ಹಸಿಕಸಕ್ಕೆ ಬೆಂಕಿ ಹಿಡಿಯದು

ಯಾವುದೇ ವಸ್ತು ಸಂಪೂರ್ಣವಾಗಿ ಉರಿಯಲು ಸಾಕಷ್ಟು ತಾಪ, ಆ ತಾಪದಲ್ಲಿ ಅನಿಲ ಉಳಿಯುವಷ್ಟು ಸಮಯ, ಗಾಳಿಯೊಂದಿಗೆ ಚೆನ್ನಾಗಿ ಬೆರೆಯುವಷ್ಟು ಸುಳಿ ಇರಬೇಕು. ಈ ಮೂರರಲ್ಲಿ ಒಂದು ಕೈಕೊಟ್ಟರೂ ಅರೆಬೆಂದ ಹೊಗೆ ಹೊರಬೀಳುತ್ತದೆ. ಮಸಿ, ಸೂಕ್ಷ್ಮ ಕಣಗಳು, ಇಂಗಾಲದ ಮಾನಾಕ್ಸೈಡ್ ಹಾಗೂ ಕ್ಯಾನ್ಸರ್‌ಕಾರಕವೆಂದು ಗುರುತಿಸಲಾದ ಹಲವು ಹೈಡ್ರೋಕಾರ್ಬನ್‌ಗಳು ಅದರಲ್ಲಿರುತ್ತವೆ.

ವಿಶ್ವಬ್ಯಾಂಕಿನ ಮಾರ್ಗದರ್ಶಿಯ ಪ್ರಕಾರ ದಹನ ಘಟಕ ಹೊರಗಿನ ಇಂಧನವಿಲ್ಲದೆ ನಡೆಯಬೇಕಾದರೆ ಕಸದ ಶಾಖಮೌಲ್ಯ ವಾರ್ಷಿಕ ಸರಾಸರಿಯಲ್ಲಿ ಕಿಲೋಗ್ರಾಂಗೆ 7 ಮೆಗಾಜೂಲ್, ಅಂದರೆ ಸುಮಾರು 1,670 ಕಿಲೋಕ್ಯಾಲರಿ ಇರಬೇಕು. ನಮ್ಮ ಪೇಟೆಗಳ ಮಿಶ್ರ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಡುಗೆಮನೆ, ಹೋಟೆಲ್ ಹಾಗೂ ಮಾರುಕಟ್ಟೆಯ ಹಸಿಕಸ. ಅದರ ಮೇಲೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಣಕಸವೂ ಒಣಗಿರುವುದಿಲ್ಲ. ಕಸದಲ್ಲಿರುವ ಒಂದು ಕಿಲೋ ನೀರನ್ನು ಆವಿಯಾಗಿಸಲು 540 ಕಿಲೋಕ್ಯಾಲರಿ ವ್ಯಯವಾಗುತ್ತದೆ. ಬೆಂಕಿ ಮೊದಲು ನೀರನ್ನು ಕಾಯಿಸಬೇಕು, ಆಮೇಲೆ ಕಸವನ್ನು ಸುಡಬೇಕು. ತಾಪ ಏರುವುದಿಲ್ಲ, ಹೊಗೆ ಏರುತ್ತದೆ.

ಈ ಪಾಠವನ್ನು ದೇಶ ದುಬಾರಿ ಬೆಲೆ ತೆತ್ತು ಕಲಿತಿದೆ. ದೆಹಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕ್ ನೆರವಿನಿಂದ 1987ರಲ್ಲಿ ದಿನಕ್ಕೆ 300 ಟನ್ ಸಾಮರ್ಥ್ಯದ ದಹನ ಘಟಕ ಆರಂಭವಾಯಿತು. ಕಸದ ಶಾಖಮೌಲ್ಯ ಸಾಲದೆ ಅದು ಕೇವಲ 21 ದಿನ ನಡೆದು ನಿಂತುಹೋಯಿತು. ಯಂತ್ರ ಕೆಟ್ಟದ್ದಾಗಿರಲಿಲ್ಲ. ಅದನ್ನು ವಿನ್ಯಾಸ ಮಾಡಿದ್ದು ಬೇರೆ ದೇಶದ ಕಸಕ್ಕೆ.

ಡಯಾಕ್ಸಿನ್ ಎಂಬ ಕಾಣದ ವಿಷ

ಕಪ್ಪು ಹೊಗೆ ಕಣ್ಣಿಗೆ ಬೀಳುತ್ತದೆ, ಜನ ದೂರುತ್ತಾರೆ. ಕಣ್ಣಿಗೆ ಬೀಳದ ಅಪಾಯ ಡಯಾಕ್ಸಿನ್ ಮತ್ತು ಫ್ಯೂರಾನ್ ಎಂಬ ಕ್ಲೋರಿನ್‌ಯುಕ್ತ ಸಂಯುಕ್ತಗಳದ್ದು. ಪುರಸಭೆಯ ಕಸ ಸುಡುವ ಘಟಕದ ಹಾರುಬೂದಿಯಲ್ಲಿ ಇವು ಇವೆಯೆಂದು ನೆದರ್ಲೆಂಡ್ಸ್‌ನ ವಿಜ್ಞಾನಿಗಳು 1977ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದರು. ಪಿವಿಸಿ ಪೈಪ್, ರೆಕ್ಸಿನ್, ವಿದ್ಯುತ್ ತಂತಿಯ ಹೊದಿಕೆ ಮೊದಲಾದ ಕ್ಲೋರಿನ್ ಇರುವ ವಸ್ತುಗಳು ಕಸದಲ್ಲಿದ್ದರೆ ಇವು ಹುಟ್ಟುವ ಸಾಧ್ಯತೆ ಹೆಚ್ಚು. ಅಡುಗೆ ಉಪ್ಪು ಅಂಟಿದ ಹಸಿಕಸವೂ ಸ್ವಲ್ಪಮಟ್ಟಿಗೆ ಕ್ಲೋರಿನ್ ಒದಗಿಸುತ್ತದೆ.

ಇದರ ಸ್ವಭಾವ ವಿಚಿತ್ರವಾದುದು. 850 ಡಿಗ್ರಿ ಸೆಲ್ಸಿಯಸ್‌ಗಿಂತ ಅಧಿಕ ತಾಪದಲ್ಲಿ ಎರಡು ಸೆಕೆಂಡು ಇದ್ದರೆ ಡಯಾಕ್ಸಿನ್ ಬಹುಪಾಲು ನಾಶವಾಗುತ್ತದೆ. ಆದರೆ ಅದೇ ಅನಿಲ ಚಿಮಣಿಯತ್ತ ಸಾಗುತ್ತಾ 450ರಿಂದ 200 ಡಿಗ್ರಿಯವರೆಗೆ ನಿಧಾನವಾಗಿ ತಣಿದರೆ, ಬೂದಿಯ ಕಣಗಳ ಮೇಲೆ ಮತ್ತೆ ಹುಟ್ಟಿಕೊಳ್ಳುತ್ತದೆ. ಹೀಗಾಗಿ ಒಳ್ಳೆಯ ಘಟಕವೊಂದು ಅನಿಲವನ್ನು ಥಟ್ಟನೆ ತಣಿಸಬೇಕು, ಸುಣ್ಣದಿಂದ ಆಮ್ಲವನ್ನು ಹೀರಬೇಕು, ಸಕ್ರಿಯ ಇದ್ದಿಲಿನ ಪುಡಿಯಿಂದ ಡಯಾಕ್ಸಿನ್ ಹಾಗೂ ಪಾದರಸವನ್ನು ಹಿಡಿಯಬೇಕು, ಬಟ್ಟೆಚೀಲದ ಶೋಧಕದಲ್ಲಿ ಸೂಕ್ಷ್ಮ ಕಣಗಳನ್ನು ತಡೆಯಬೇಕು. ಆಧುನಿಕ ದಹನ ಘಟಕದ ವೆಚ್ಚದಲ್ಲಿ ದೊಡ್ಡ ಪಾಲು ಈ ಶುದ್ಧೀಕರಣ ವ್ಯವಸ್ಥೆಗೆ ಸಲ್ಲುತ್ತದೆ. ಅಗ್ಗದ ಯಂತ್ರಗಳಲ್ಲಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ನೀರು ಸಿಂಪಡಿಸುವ ಒಂದು ಡ್ರಮ್ ಇಟ್ಟರೆ ಹೊಗೆಯ ಬಣ್ಣ ಬೆಳ್ಳಗಾದೀತು. ಅದರಿಂದ ವಿಷ ಇಳಿದಿದೆ ಎಂದು ಭಾವಿಸುವಂತಿಲ್ಲ.

ಗಾಳಿಗೆ ಸೇರಿದ ಡಯಾಕ್ಸಿನ್ ಬಹುಪಾಲು ಮನುಷ್ಯನನ್ನು ತಲುಪುವುದು ಉಸಿರಿನಿಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶೇ. 90ಕ್ಕೂ ಅಧಿಕ ಪ್ರಮಾಣ ಆಹಾರದ ಮೂಲಕ, ಅದರಲ್ಲೂ ಮಾಂಸ, ಹಾಲು, ಮೀನುಗಳ ಕೊಬ್ಬಿನ ಮೂಲಕ ದೇಹ ಸೇರುತ್ತದೆ. ಹೊಗೆಯ ಕಣ ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲನ್ನು ದನ ಮೇಯುತ್ತದೆ, ಹಾಲಿನ ಕೆನೆಯಲ್ಲಿ ವಿಷ ಶೇಖರವಾಗುತ್ತದೆ. ಅಂಗಳದಲ್ಲಿ ಕೆದಕಿ ತಿನ್ನುವ ಊರಿನ ಕೋಳಿಯ ಮೊಟ್ಟೆಯಲ್ಲಿಯೂ ಅದೇ ಕಥೆ. ದೇಹ ಸೇರಿದ ಮೇಲೆ ಅರ್ಧದಷ್ಟು ಹೊರಹೋಗಲು 7ರಿಂದ 11 ವರ್ಷ ಬೇಕು. ಇವುಗಳಲ್ಲಿ ಅತ್ಯಂತ ತೀವ್ರವಾದ ಟಿಸಿಡಿಡಿ ಎಂಬ ಡಯಾಕ್ಸಿನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ವರ್ಗೀಕರಿಸಿತು. ಅಡಕೆ ತೋಟದ ಹುಲ್ಲು ತಂದು ದನಕ್ಕೆ ಹಾಕಿ, ಬೆಳಗ್ಗೆ ಹಾಲನ್ನು ಸಂಘಕ್ಕೆ ಕೊಡುವ ಸಾವಿರಾರು ಕುಟುಂಬಗಳಿರುವ ಪ್ರದೇಶದಲ್ಲಿ ಈ ವಿಚಾರವನ್ನು ಹಗುರವಾಗಿ ಕಾಣುವಂತಿಲ್ಲ.

ಈ ನಾಡಿಗೆ ಇಂತಹ ವಿಷದ ಪರಿಚಯ ಮೊದಲೇ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಮೂಲಕ ಸಿಂಪಡಿಸಿದ ಎಂಡೋಸಲ್ಫಾನ್‌ನ ಪರಿಣಾಮವನ್ನು ದಕ್ಷಿಣ ಕನ್ನಡ ಹಾಗೂ ಗಡಿಯಾಚೆಗಿನ ಕಾಸರಗೋಡಿನ ಹಳ್ಳಿಗಳು ಇಂದಿಗೂ ಅನುಭವಿಸುತ್ತಿವೆ. ಬಾಧಿತರಿಗಾಗಿ ಆರಂಭಿಸಲಾದ ಪಾಲನಾ ಕೇಂದ್ರಗಳಲ್ಲಿ ಒಂದು ಇಂದಿನ ಕಡಬ ತಾಲೂಕಿನ ಕೊಯಿಲದಲ್ಲಿದೆ. ಸುಲಭವಾಗಿ ಕೊಳೆಯದ, ಕೊಬ್ಬಿನಲ್ಲಿ ಶೇಖರವಾಗುವ ಸಾವಯವ ಮಾಲಿನ್ಯಕಾರಕಗಳ ನಿಯಂತ್ರಣಕ್ಕಾಗಿ 2001ರಲ್ಲಿ ರೂಪುಗೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಯಲ್ಲಿ ಡಯಾಕ್ಸಿನ್ ಮತ್ತು ಫ್ಯೂರಾನ್ ಆರಂಭದಿಂದಲೇ ಇದ್ದವು. ಎಂಡೋಸಲ್ಫಾನ್ ಅದೇ ಒಪ್ಪಂದಕ್ಕೆ 2011ರಲ್ಲಿ ಸೇರಿತು. ಭಾರತ 2006ರಲ್ಲಿ ಒಪ್ಪಂದವನ್ನು ಅನುಮೋದಿಸಿದೆ. ಒಂದನ್ನು ಆಕಾಶದಿಂದ ಸುರಿದವರು ಬೇರೆಯವರು, ಇನ್ನೊಂದನ್ನು ಅಂಗಳದಲ್ಲಿ ನಾವೇ ತಯಾರಿಸುತ್ತಿದ್ದೇವೆ ಎಂಬುದಷ್ಟೇ ವ್ಯತ್ಯಾಸ.

ಅಂಗಳದ ಬೆಂಕಿಯೇ ಹೆಚ್ಚು ಅಪಾಯಕಾರಿ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಂಶೋಧಕರು ಹಿತ್ತಲಿನ ಡ್ರಮ್‌ನಲ್ಲಿ ಮನೆಗಸ ಸುಟ್ಟು ಹೊಗೆಯನ್ನು ಅಳೆದರು. 2000ರಲ್ಲಿ ಪ್ರಕಟವಾದ ಅವರ ಫಲಿತಾಂಶ ಅಚ್ಚರಿ ಮೂಡಿಸುವಂತಿತ್ತು. ಬೆರಳೆಣಿಕೆಯಿಂದ ಕೆಲವು ಹತ್ತು ಮನೆಗಳು ಪ್ರತಿದಿನ ಹೀಗೆ ಕಸ ಸುಟ್ಟರೆ, ಶುದ್ಧೀಕರಣ ವ್ಯವಸ್ಥೆಯುಳ್ಳ ದಿನಕ್ಕೆ 200 ಟನ್‌ನ ದಹನ ಘಟಕವೊಂದು ಹೊರಬಿಡುವಷ್ಟೇ ಡಯಾಕ್ಸಿನ್ ಹೊರಬೀಳಬಹುದೆಂದು ಅದು ತೋರಿಸಿತು. ತಾಪ ಕಡಿಮೆ, ಗಾಳಿ ಸಾಲದು, ಚಿಮಣಿಯಿಲ್ಲ, ಶೋಧಕವಿಲ್ಲ. ಹೊಗೆ ಮೂಗಿನ ಎತ್ತರದಲ್ಲಿಯೇ ಹರಡುತ್ತದೆ.

ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಿ ಇದು ಇನ್ನಷ್ಟು ಬಿಗಡಾಯಿಸುತ್ತದೆ. ರಾತ್ರಿ ತಣಿದ ಗಾಳಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳದಂತೆ ಕೂರುತ್ತದೆ. ಪಯಸ್ವಿನಿ ಹಾಗೂ ಕುಮಾರಧಾರಾ ಕಣಿವೆಗಳಲ್ಲಿ ಬಿಸಿಲೇರುವವರೆಗೂ ಹೊಗೆ ಮಂಜಿನೊಂದಿಗೆ ಬೆರೆತು ಕದಲದೆ ನಿಂತಿರುವುದನ್ನು ಕಾಣಬಹುದು. ಶಾಲೆಗೆ ಹೊರಟ ಮಕ್ಕಳು ನಡೆಯುವುದು ಆ ಹೊಗೆಯಲ್ಲಿಯೇ.

ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರ ಆದೇಶದಲ್ಲಿ ದೇಶಾದ್ಯಂತ ನಿಷೇಧಿಸಿತು. ಸಣ್ಣ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಹಾರ ತೆರಬೇಕೆಂದು ಅದು ವಿಧಿಸಿತು. ವಿಂಗಡಿಸದ ಕಸವನ್ನು ಯಂತ್ರದಲ್ಲಿ ಸುಡುವುದಕ್ಕೂ ಅದೇ ಆದೇಶ ಅವಕಾಶ ನೀಡಲಿಲ್ಲ. ಬಚ್ಚಲೊಲೆಗೆ ದಂಡ ವಿಧಿಸಲು ಯಾವ ಪಂಚಾಯತ್ ಅಧಿಕಾರಿಯೂ ಮನೆಯೊಳಗೆ ಬರಲಾರ ಎಂಬುದು ಬೇರೆ ಮಾತು. ಅಲ್ಲಿ ಕೆಲಸ ಮಾಡಬೇಕಾದುದು ವಾರಕ್ಕೊಮ್ಮೆಯಾದರೂ ತಪ್ಪದೆ ಮನೆಬಾಗಿಲಿಗೆ ಬರುವ ಒಣಕಸದ ವಾಹನ. ರಸ್ತೆಯಿಂದ ಒಂದು ಕಿಲೋಮೀಟರ್ ಒಳಗೆ, ತೋಟದ ನಡುವೆ ಒಂಟಿಯಾಗಿರುವ ಮನೆಗಳೇ ಅಧಿಕವಿರುವ ಈ ಹಳ್ಳಿಗಳಲ್ಲಿ ಅದು ಸುಲಭವಲ್ಲ. ಹಾಲಿನ ಸಂಘ, ಪಡಿತರ ಅಂಗಡಿ, ಶಾಲೆಗಳಂತಹ ಜನ ಹೇಗೂ ಬರುವ ಸ್ಥಳಗಳಲ್ಲಿ ಸಂಗ್ರಹಿಸಿದರೆ ಮಾತ್ರ ಫಲ ಸಿಕ್ಕೀತು.

ಯಂತ್ರಕ್ಕಿರುವ ಕಟ್ಟಳೆ

ಘನತ್ಯಾಜ್ಯ ನಿರ್ವಹಣಾ ನಿಯಮಾವಳಿ 2016 ದಹನ ಘಟಕಗಳ ಚಿಮಣಿಗೆ ಸ್ಪಷ್ಟ ಮಿತಿಗಳನ್ನು ವಿಧಿಸಿತ್ತು. ಪ್ರತಿ ಘನಮೀಟರ್ ಅನಿಲದಲ್ಲಿ ಕಣಗಳು 50 ಮಿಲಿಗ್ರಾಂ, ಹೈಡ್ರೋಜನ್ ಕ್ಲೋರೈಡ್ 50 ಮಿಲಿಗ್ರಾಂ, ಗಂಧಕದ ಡೈಆಕ್ಸೈಡ್ 200 ಮಿಲಿಗ್ರಾಂ, ಸಾರಜನಕದ ಆಕ್ಸೈಡ್‌ಗಳು 400 ಮಿಲಿಗ್ರಾಂ, ಪಾದರಸ 0.05 ಮಿಲಿಗ್ರಾಂ ಮೀರಬಾರದು. ಡಯಾಕ್ಸಿನ್ ಮತ್ತು ಫ್ಯೂರಾನ್‌ಗಳ ಒಟ್ಟು ವಿಷತ್ವದ ಮಿತಿ 0.1 ನ್ಯಾನೋಗ್ರಾಂ. ಒಂದು ನ್ಯಾನೋಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಐರೋಪ್ಯ ಒಕ್ಕೂಟದ ಮಿತಿಯೂ ಇದೇ ಆಗಿರುವುದರಿಂದ ಕಾಗದದ ಮೇಲೆ ನಮ್ಮ ನಿಯಮ ದುರ್ಬಲವಾದುದೇನೂ ಅಲ್ಲ. ಕ್ಲೋರಿನ್‌ಯುಕ್ತ ಪ್ಲಾಸ್ಟಿಕ್ ಅನ್ನು ಕುಲುಮೆಗೆ ಹಾಕಬಾರದೆಂಬುದೂ ಅದರಲ್ಲಿತ್ತು. ಈ ನಿಯಮಾವಳಿಯ ಸ್ಥಾನದಲ್ಲಿ ಕೇಂದ್ರ ಪರಿಸರ ಸಚಿವಾಲಯ 2026ರ ಜನವರಿಯಲ್ಲಿ ಹೊಸ ನಿಯಮಾವಳಿಯನ್ನು ಹೊರಡಿಸಿದ್ದು, ಅದರ ಜಾರಿಗೆ 2026ರ ಏಪ್ರಿಲ್ 1ನ್ನು ನಿಗದಿಪಡಿಸಲಾಯಿತು. ಕಸವನ್ನು ಮೂಲದಲ್ಲಿಯೇ ಹಸಿ, ಒಣ, ನೈರ್ಮಲ್ಯ ಹಾಗೂ ವಿಶೇಷ ನಿಗಾ ತ್ಯಾಜ್ಯ ಎಂದು ನಾಲ್ಕಾಗಿ ವಿಂಗಡಿಸಬೇಕೆಂಬುದು ಇದರ ಮುಖ್ಯ ಅಂಶ.

ಆಸ್ಪತ್ರೆ ತ್ಯಾಜ್ಯದ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಾವಳಿ 2016ರ ಪ್ರಕಾರ 75 ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಾಮೂಹಿಕ ಸಂಸ್ಕರಣಾ ಘಟಕವಿದ್ದರೆ ಆಸ್ಪತ್ರೆಗಳು ಸ್ವಂತ ದಹನ ಯಂತ್ರ ಇರಿಸುವಂತಿಲ್ಲ. ಘಟಕದ ಎರಡನೇ ಕೋಣೆಯಲ್ಲಿ ತಾಪ 1,050 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಅನಿಲ ಅಲ್ಲಿ ಕನಿಷ್ಠ ಎರಡು ಸೆಕೆಂಡು ನಿಲ್ಲಬೇಕು, ಚಿಮಣಿ ನೆಲದಿಂದ 30 ಮೀಟರ್ ಎತ್ತರವಿರಬೇಕು. ಮನೆಗಳಿಂದ ಬರುವ ಡಯಪರ್, ಸ್ಯಾನಿಟರಿ ಪ್ಯಾಡ್‌ಗಳು ಮಾತ್ರ ಈ ಶಿಸ್ತಿನಿಂದ ತಪ್ಪಿಸಿಕೊಂಡು ಅಂಗಳದ ಬೆಂಕಿಗೂ ತೋಡಿಗೂ ಬೀಳುತ್ತಿದ್ದವು. ನಾಲ್ಕು ಬಗೆಯ ವಿಂಗಡಣೆ ಸರಿಯಾಗಿ ನಡೆದರೆ ಅವಕ್ಕೊಂದು ದಾರಿ ಸಿಗಲಿದೆ.

ಸಣ್ಣ ಪೇಟೆಗೆ ಎಷ್ಟು ದೊಡ್ಡ ಯಂತ್ರ?

2011ರ ಜನಗಣತಿಯಂತೆ ಪುತ್ತೂರು ಪೇಟೆಯ ಜನಸಂಖ್ಯೆ ಸುಮಾರು 53 ಸಾವಿರ, ಸುಳ್ಯದ್ದು ಸುಮಾರು 20 ಸಾವಿರ. ತಲೆಗೆ ದಿನಕ್ಕೆ 300ರಿಂದ 400 ಗ್ರಾಂ ಎಂದು ಲೆಕ್ಕ ಹಾಕಿದರೂ ಸುಳ್ಯದ ಕಸ ದಿನಕ್ಕೆ 6ರಿಂದ 8 ಟನ್ ಆಗುತ್ತದೆ. ಹಸಿಕಸ ತೆಗೆದರೆ ಮೂರು ನಾಲ್ಕು ಟನ್ ಉಳಿಯುತ್ತದೆ. ಮಾರಾಟವಾಗುವ ಕಾಗದ, ಗಾಜು, ಲೋಹ, ಗಟ್ಟಿ ಪ್ಲಾಸ್ಟಿಕ್ ತೆಗೆದರೆ ನಿಜಕ್ಕೂ ಗತಿಯಿಲ್ಲದೆ ಉಳಿಯುವುದು ಇನ್ನೂ ಕಡಿಮೆ. ಹೋಲಿಕೆಗೆ ಹೇಳುವುದಾದರೆ, ಬೆಂಗಳೂರಿನ ಕಸಕ್ಕಾಗಿ ಬಿಡದಿಯಲ್ಲಿ ನಿರ್ಮಿಸಲಾದ 11.5 ಮೆಗಾವಾಟ್ ವಿದ್ಯುತ್ ಘಟಕದ ಸಾಮರ್ಥ್ಯ ದಿನಕ್ಕೆ 600 ಟನ್. ಶೋಧಕ, ನಿರಂತರ ಮಾಪಕ, ತರಬೇತಾದ ಸಿಬ್ಬಂದಿ ಇವೆಲ್ಲವುಗಳ ವೆಚ್ಚವನ್ನು ಹೊರುವುದು ಅಂತಹ ಗಾತ್ರಕ್ಕೆ ಸಾಧ್ಯ. ದೊಡ್ಡದಾದ ಮಾತ್ರಕ್ಕೆ ಸುರಕ್ಷಿತ ಎಂದೂ ಅಲ್ಲ. ದೆಹಲಿಯ ಓಖ್ಲಾ ಘಟಕಕ್ಕೆ ಹಸಿರು ನ್ಯಾಯಮಂಡಳಿ 2017ರಲ್ಲಿ 25 ಲಕ್ಷ ರೂಪಾಯಿ ಪರಿಹಾರ ವಿಧಿಸಿತ್ತು.

ಸಣ್ಣ ಯಂತ್ರಗಳ ಅಪಾಯವನ್ನು ಜಪಾನ್ ಎಲ್ಲರಿಗಿಂತ ಚೆನ್ನಾಗಿ ಕಂಡಿದೆ. ಊರೂರಿಗೆ, ಶಾಲೆಶಾಲೆಗೆ ದಹನ ಯಂತ್ರವಿದ್ದ ದೇಶವದು. ಡಯಾಕ್ಸಿನ್ ಭೀತಿ ಹಬ್ಬಿದ ಬಳಿಕ ಶಾಲೆಗಳ ಯಂತ್ರಗಳನ್ನು ನಿಲ್ಲಿಸಲಾಯಿತು. 1999ರಲ್ಲಿ ವಿಶೇಷ ಕಾನೂನು ಬಂತು, ಸಣ್ಣ ಘಟಕಗಳು ಮುಚ್ಚಿದವು, ಉಳಿದವು ಸುಧಾರಿಸಿದವು. 1997ಕ್ಕೆ ಹೋಲಿಸಿದರೆ 2003ರ ವೇಳೆಗೆ ದೇಶದ ಒಟ್ಟು ಡಯಾಕ್ಸಿನ್ ಹೊರಸೂಸುವಿಕೆ ಶೇ. 90ಕ್ಕೂ ಅಧಿಕ ಇಳಿಯಿತು.

ಆದ್ದರಿಂದ ನಾಲ್ಕು ಟನ್‌ಗೊಂದು ಯಂತ್ರ ಖರೀದಿಸುವ ಯೋಚನೆಗಿಂತ, ಸುಡಬೇಕಾದುದನ್ನು ಕಡಿಮೆ ಮಾಡುವ ವ್ಯವಸ್ಥೆ ಈ ಮೂರು ತಾಲೂಕುಗಳಿಗೆ ಹೊಂದುತ್ತದೆ. ಅದರ ತುಣುಕುಗಳು ಈಗಾಗಲೇ ಇವೆ. ಪುತ್ತೂರು ನಗರಸಭೆಯ ಬನ್ನೂರು ನೆಕ್ಕಿಲದ ಘಟಕದಲ್ಲಿ ಹಸಿಕಸದಿಂದ ಜೈವಿಕ ಅನಿಲ ತಯಾರಿಸುವ ವ್ಯವಸ್ಥೆ ರೂಪುಗೊಂಡಿದೆ. ಗ್ರಾಮ ಪಂಚಾಯತ್‌ಗಳ ಒಣಕಸಕ್ಕಾಗಿ ಜಿಲ್ಲೆಯಲ್ಲಿ ಮೊದಲು ಮಂಗಳೂರು ಸಮೀಪದ ತೆಂಕ ಎಡಪದವಿನಲ್ಲಿ, ಬಳಿಕ ಪುತ್ತೂರು ತಾಲೂಕಿನ ಕೆದಂಬಾಡಿಯೂ ಸೇರಿದಂತೆ ಇತರೆಡೆ ಸಮಗ್ರ ಒಣಕಸ ನಿರ್ವಹಣಾ ಘಟಕಗಳನ್ನು ಕೈಗೆತ್ತಿಕೊಳ್ಳಲಾಯಿತು. ಅಲ್ಲಿ ವಿಂಗಡಿಸಿ ಒತ್ತಿ ಕಟ್ಟಿದ ಕೀಳು ದರ್ಜೆಯ ಪ್ಲಾಸ್ಟಿಕ್ ಅನ್ನು ಸಿಮೆಂಟ್ ಕಾರ್ಖಾನೆಗಳಿಗೆ ಇಂಧನವಾಗಿ ಕಳುಹಿಸಬಹುದು. ಸಿಮೆಂಟ್ ಕುಲುಮೆಯಲ್ಲಿ ವಸ್ತುವಿನ ತಾಪ 1,400 ಡಿಗ್ರಿ ದಾಟುತ್ತದೆ, ಅಲ್ಲಿರುವ ಸುಣ್ಣವೇ ಆಮ್ಲ ಅನಿಲವನ್ನು ಹೀರುತ್ತದೆ. ಪಿವಿಸಿಯನ್ನು ಮಾತ್ರ ಅಲ್ಲಿಯೂ ಬೇರ್ಪಡಿಸಬೇಕು. ದೂರದ ಸಾಗಣೆ ವೆಚ್ಚವೇ ಈ ಮಾರ್ಗದ ದೊಡ್ಡ ತೊಡಕು.

ಷಷ್ಠಿಯ ದಿನಗಳಲ್ಲಿ ಲಕ್ಷಾಂತರ ಭಕ್ತರು ಸೇರುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಕಡಬ ತಾಲೂಕಿನಲ್ಲಿ. ಪುತ್ತೂರಿನ ಮಹಾಲಿಂಗೇಶ್ವರ ಜಾತ್ರೆ ಏಪ್ರಿಲ್‌ನಲ್ಲಿ. ಇಂತಹ ಸಂದರ್ಭಗಳಲ್ಲಿ ಒಮ್ಮೆಲೇ ಏರುವ ಕಸಕ್ಕೆ ಮೊದಲೇ ವ್ಯವಸ್ಥೆ ಇರದಿದ್ದರೆ ರಾತ್ರಿಯ ಬೆಂಕಿಯೇ ಪರಿಹಾರವಾಗುತ್ತದೆ. ರಾಶಿ ಬೆಳೆಯಲು ಬಿಟ್ಟರೂ ಬೆಂಕಿ ತಪ್ಪದು. ಕೊಳೆಯುವ ಕಸದಿಂದ ಮಿಥೇನ್ ಹುಟ್ಟಿ ರಾಶಿ ಒಳಗಿನಿಂದಲೇ ಹೊತ್ತಿಕೊಳ್ಳಬಲ್ಲುದು. ಮಂಗಳೂರಿನ ಪಚ್ಚನಾಡಿ ರಾಶಿಗೆ 2023ರ ಜನವರಿಯಲ್ಲಿ ಬೆಂಕಿ ಬಿದ್ದಿತ್ತು. ಅದೇ ವರ್ಷದ ಮಾರ್ಚ್ 2ರಂದು ಹೊತ್ತಿಕೊಂಡ ಕೊಚ್ಚಿಯ ಬ್ರಹ್ಮಪುರಂ ರಾಶಿಯ ಹೊಗೆ ಹತ್ತು ದಿನಗಳಿಗೂ ಮೀರಿ ನಗರವನ್ನು ಕವಿದಿತ್ತು.

ನಾಗರಿಕರು ಕೇಳಬೇಕಾದುದು

ದಹನ ಯಂತ್ರಕ್ಕೆ 1981ರ ವಾಯು ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಬೇಕು. ಈ ಭಾಗಕ್ಕೆ ಸಂಬಂಧಿಸಿದ ಮಂಡಳಿಯ ಪ್ರಾದೇಶಿಕ ಕಚೇರಿ ಮಂಗಳೂರಿನಲ್ಲಿದೆ. ಸಮ್ಮತಿ ಪತ್ರ ಹಾಗೂ ಚಿಮಣಿ ಹೊಗೆಯ ಪರೀಕ್ಷಾ ವರದಿಯನ್ನು ಮಾಹಿತಿ ಹಕ್ಕಿನಡಿ ಯಾರೂ ಪಡೆಯಬಹುದು. ಹೊಗೆಯ ದೂರನ್ನು ಮೊದಲು ಪಟ್ಟಣ ಪಂಚಾಯತ್, ನಗರಸಭೆ ಅಥವಾ ಗ್ರಾಮ ಪಂಚಾಯತ್‌ನ ಅಭಿವೃದ್ಧಿ ಅಧಿಕಾರಿಗೆ ಲಿಖಿತವಾಗಿ ನೀಡಿ ಸ್ವೀಕೃತಿ ಪಡೆಯುವುದು ಒಳಿತು. ದಿನಾಂಕ, ಸಮಯ, ಗಾಳಿಯ ದಿಕ್ಕು ನಮೂದಿಸಿದ ಫೋಟೊಗಳಿದ್ದರೆ ದೂರಿಗೆ ಬಲ ಬರುತ್ತದೆ.

ಬೂದಿ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಬೇಕು. ಶೋಧಕದಲ್ಲಿ ಹಿಡಿದ ಹಾರುಬೂದಿಯಲ್ಲಿ ಭಾರಲೋಹ, ಡಯಾಕ್ಸಿನ್ ಸಾಂದ್ರವಾಗಿರುತ್ತವೆ. ಅದನ್ನು ಗುಡ್ಡದ ಬದಿಗೆ ಸುರಿದರೆ ಮೊದಲ ಮಳೆಗೆ ಹೊಳೆ ಸೇರುತ್ತದೆ. ಪರೀಕ್ಷಾ ವರದಿ ಕೈಗೆ ಬಂದಾಗ ಕಣಗಳ ಅಂಕಣದಿಂದ ಕೆಳಗಿಳಿದು ಡಯಾಕ್ಸಿನ್, ಫ್ಯೂರಾನ್ ಅಂಕಣವನ್ನು ನೋಡಬೇಕು. ಈ ಪರೀಕ್ಷೆ ದುಬಾರಿ, ವಿಶೇಷ ಪ್ರಯೋಗಾಲಯ ಬೇಕು. ಅಂಕಣ ಖಾಲಿಯಿದ್ದರೆ ಅದರ ಅರ್ಥ ವಿಷ ಇಲ್ಲ ಎಂದಲ್ಲ, ಅಳೆದಿಲ್ಲ ಎಂದು.